ಎರಡು ಕಿಂಡಿಗಳ ಬೆಳಕು

"ಮಾವ, ಕನ್ನಡಕ ಹಾಕ್ಕೊಂಡು ಇಲ್ಲಿ ನೋಡಿ. ಬಾಲ್ಕನಿ ಅಲ್ಲ, ಅದರ ಮೇಲೆ. ಹಿಂದಿನ ಗೋಡೆ."

ಭೂತಗನ್ನಡಿಯನ್ನು ಫೋಟೋದ ಮೇಲಿಂದ ಕದಲಿಸದೆ ಪುಟ್ಟಿ ಪಕ್ಕಕ್ಕೆ ಸರಿದಳು. ನಲವತ್ತೆರಡು ವರ್ಷದ ಛಾಯಾಗ್ರಾಹಕಿಯನ್ನು ಈಗಲೂ ಪುಟ್ಟಿ ಎಂದು ಕರೆಯುವವರು ಒಬ್ಬರೇ ಉಳಿದಿದ್ದರು. ಆ ಒಬ್ಬರು, ಅವಳ ತಾಯಿಯ ತಮ್ಮ, ನಿವೃತ್ತ ಇನ್ಸ್‌ಪೆಕ್ಟರ್, ಮೂರು ಜೇಬು ತಡಕಿ ಕನ್ನಡಕ ಹುಡುಕಿ ಮೇಜಿನ ಮೇಲೆ ಬಾಗಿದರು.

ಮಧ್ಯಾಹ್ನ ಮೂರು ಗಂಟೆ. ಟಾಕೀಸಿನ ಮುಂದಿನ ಹಜಾರದ ಒಡೆದ ಗಾಜುಗಳಿಂದ ಬಿಸಿಲು ಒಳಗೆ ಬಂದು ಟಿಕೆಟ್ ಕೌಂಟರಿನ ಹಿತ್ತಾಳೆ ಸರಳುಗಳ ಮೇಲೆ ಬಿದ್ದಿತ್ತು. ಅರ್ಧ ಶತಮಾನ ಕೈಗಳು ಉಜ್ಜಿದ ಸರಳುಗಳು. ನಡುವೆ ಸವೆದು ಸಣ್ಣಗಾಗಿದ್ದವು. ಇನ್ನು ಒಂಬತ್ತು ದಿನಕ್ಕೆ ಕಟ್ಟಡ ಕೆಡವುವವರು ಬರುತ್ತಾರೆ. ಅಷ್ಟರಲ್ಲಿ ಊರಿನಲ್ಲಿ ಉಳಿದ ಈ ಕೊನೆಯ ಹಳೇ ಟಾಕೀಸನ್ನು ಮೂಲೆ ಬಿಡದೆ ಚಿತ್ರ ತೆಗೆದು, ನೋಡಿದವರ ನೆನಪು ಬರೆದುಕೊಂಡು, ಒಂದು ಪುಸ್ತಕ ಮಾಡಬೇಕು. ಪುಟ್ಟಿ ಒಪ್ಪಿಕೊಂಡ ಕೆಲಸ ಇಷ್ಟೇ.

ಆದರೆ ಈ ಟಾಕೀಸಿನ ನೆನಪು ಕೆದಕಿದಾಗಲೆಲ್ಲ ಒಂದು ಸಾವು ಮೇಲೆದ್ದು ಬರುತ್ತಿತ್ತು. ಮೂವತ್ತೆರಡು ವರ್ಷಗಳ ಹಿಂದೆ, ಟಾಕೀಸಿಗೆ ಇಪ್ಪತ್ತೈದು ತುಂಬಿದ ಬೆಳ್ಳಿಹಬ್ಬದ ಭಾನುವಾರ, ಮ್ಯಾಟಿನಿ ಮುಗಿದು ಬಾಗಿಲು ತೆರೆದಾಗ ಯಜಮಾನರು, ಪ್ರೊಜೆಕ್ಟರ್ ಕೋಣೆಯಿಂದ ಹೊರಗಿಳಿಯುವ ಹಿಂಬದಿಯ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಅವರನ್ನು ತಳ್ಳಿದ್ದು ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರ್ ಎಂದು ಕೋರ್ಟು ಹೇಳಿತು. ಆಪರೇಟರ್ ಹನ್ನೊಂದು ವರ್ಷ ಜೈಲಿನಲ್ಲಿ ಕಳೆದರು. ಅವರ ಕೈಗೆ ಕೋಳ ಹಾಕಿದವರು ಮಾವನೇ.

"ಏನೂ ಕಾಣ್ತಾ ಇಲ್ಲ ಕಣೇ. ಬರೀ ಎರಡು ಬಿಳೀ ಚುಕ್ಕೆ."

"ಅದೇ. ಎರಡು."

ಫೋಟೋ ಬಂದದ್ದು ಆ ದಿನ ಬೆಳಿಗ್ಗೆ. ಹಜಾರದ ಉದ್ದಕ್ಕೂ ಪುಟ್ಟಿ ಹಗ್ಗ ಕಟ್ಟಿ, ಜನ ತಂದುಕೊಟ್ಟ ಹಳೆಯ ಚಿತ್ರಗಳನ್ನು ಕ್ಲಿಪ್ಪಿನಲ್ಲಿ ತೂಗುಹಾಕಿದ್ದಳು. ಒಂದೊಂದರ ಕೆಳಗೂ ತಂದವರು ಬರೆದ ಚೀಟಿ. ಒಬ್ಬ ದರ್ಜಿ ಟಿಕೆಟ್ಟಿನ ಅರ್ಧ ಚೂರು ಅಂಟಿಸಿ ಬರೆದಿದ್ದ: "ನಾನು ಹದಿನಾಲ್ಕನೇ ಸೀಟು. ಹದಿನೈದರಲ್ಲಿ ಕೂತಿದ್ದವಳನ್ನು ಮದುವೆಯಾದೆ. ಅವತ್ತಿನ ಚಿತ್ರ ಯಾವುದೆಂದು ಇಬ್ಬರಿಗೂ ನೆನಪಿಲ್ಲ." ಒಬ್ಬ ನರ್ಸ್ ಬರೆದಿದ್ದಳು: "ಪರೀಕ್ಷೆ ಫೇಲಾದ ದಿನ ಮನೆಗೆ ಹೋಗೋಕೆ ಮುಖವಿಲ್ಲದೆ ಒಂದೇ ಚಿತ್ರವನ್ನು ಎರಡು ಸಲ ನೋಡಿದೆ. ಎರಡನೇ ಸಲ ಗೇಟ್‌ನವರು ಟಿಕೆಟ್ ಕೇಳಲಿಲ್ಲ. ಮುಖ ನೋಡಿ ಸುಮ್ಮನೆ ಪರದೆ ಸರಿಸಿದರು."

ಇವತ್ತು ಬಂದವರು, ಎಂದೋ ಮುಚ್ಚಿಹೋದ ಸ್ಟುಡಿಯೋದ ಮಾಲೀಕನ ಮಗಳು. "ಅಪ್ಪನ ಪೆಟ್ಟಿಗೇಲಿ ಇತ್ತು. ಬೆಳ್ಳಿಹಬ್ಬಕ್ಕೆ ತೆಗೆಯೋಕೆ ಹೇಳಿದ್ರಂತೆ. ಆಮೇಲೆ ಯಾರೂ ತಗೊಳ್ಳೋಕೆ ಬರಲಿಲ್ಲ" ಎಂದು ಲಕೋಟೆ ಇಟ್ಟು ಹೋಗಿದ್ದರು. ಬೆನ್ನಿಗೆ ಸ್ಟುಡಿಯೋದ ಮುದ್ರೆ, ಅದೇ ಭಾನುವಾರದ ತಾರೀಖು, ಪೆನ್ಸಿಲ್ಲಿನಲ್ಲಿ ಒಂದೇ ಪದ: ಮ್ಯಾಟಿನಿ.

ಪರದೆಯ ಪಕ್ಕದಲ್ಲಿ ನಿಂತು, ಚಿತ್ರ ಓಡುತ್ತಿರುವಾಗಲೇ, ದೊಡ್ಡ ಫ್ಲಾಶ್ ಹೊಡೆದು ಪ್ರೇಕ್ಷಕರ ಕಡೆಗೆ ತೆಗೆದ ಫೋಟೋ ಅದು. ಮುಂದಿನ ಬೆಂಚುಗಳವರು ಬೆಳಕಿಗೆ ಕಣ್ಣು ಕಿರಿದು ಮಾಡಿದ್ದಾರೆ. ಅಪ್ಪನ ಹೆಗಲ ಮೇಲೆ ನಿದ್ದೆಹೋದ ಕೂಸು. ಬಾಲ್ಕನಿಯ ಮೊದಲ ಸಾಲಿನಲ್ಲಿ ಅತಿಥಿಗಳ ನಡುವೆ ಯಜಮಾನರ ತಮ್ಮ, ಹೆಂಡತಿಯ ಜೊತೆ. ಈಗ ಕಟ್ಟಡ ಕೆಡವಿಸುತ್ತಿರುವವರು ಇವರೇ.

"ಹಿಂದಿನ ಸಾಲಿನವರನ್ನ ನೋಡಿ" ಎಂದಳು ಪುಟ್ಟಿ. "ಕ್ಯಾಮೆರಾನೂ ನೋಡ್ತಿಲ್ಲ, ಸಿನಿಮಾನೂ ನೋಡ್ತಿಲ್ಲ. ಎಲ್ಲಾರ ತಲೇನೂ ಹಿಂಬದಿ ಬಾಗಿಲ ಕಡೆ ತಿರುಗಿದೆ. ಬಾಲ್ಕನಿಯಲ್ಲಿ ಯಜಮಾನ್ರ ತಮ್ಮನೂ ಅತ್ತಲೇ ತಿರುಗಿದಾರೆ."

ಮಾವ ಭೂತಗನ್ನಡಿಯನ್ನು ಹಿಂದಿನ ಸಾಲಿನ ಮೇಲಕ್ಕೆ ಸರಿಸಿದರು.

"ಸದ್ದು ಮಾವ. ಕಬ್ಬಿಣದ ಮೆಟ್ಟಿಲ ಸದ್ದು. ಹಾಲಲ್ಲಿದ್ದೋರೆಲ್ಲಾ ಕೇಳಿದ್ರು, ನಾಲ್ಕೂ ನಲವತ್ತಕ್ಕೆ, ಅಂತ ನೀವೇ ಹೇಳಿದ್ರಲ್ಲ. ಯಜಮಾನ್ರು ಬಿದ್ದ ಹೊತ್ತು ಅದೇ ಅಂತ ನಿಮ್ಮ ಕೇಸೆಲ್ಲಾ ಅದರ ಮೇಲೇ ನಿಂತಿದ್ದು. ಈ ಫೋಟೋ ಸರಿಯಾಗಿ ಆ ಗಳಿಗೇದು."

"ಸರಿ. ಚುಕ್ಕೆ?"

"ಬನ್ನಿ, ಮೇಲೆ ತೋರಿಸ್ತೀನಿ."

ಪ್ರೊಜೆಕ್ಟರ್ ಕೋಣೆಗೆ ಬಾಲ್ಕನಿಯ ಹಿಂದಿನಿಂದ ಕಿರಿದಾದ ಮೆಟ್ಟಿಲು. ಮಾವ ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡರು. "ಇಲ್ಲೇ ಎಲ್ಲೋ ನಿಮ್ಮ ಅತ್ತೆ ಚಪ್ಪಲಿ ಕಿತ್ತುಹೋಗಿತ್ತು. ಬರಿಗಾಲಲ್ಲೇ ಮನೆವರೆಗೂ ನಡೆದಳು. ನಡೆಯೋವಾಗಲೂ ಸಿನಿಮಾ ಕತೇನೇ" ಎಂದು ನಕ್ಕರು. ಅತ್ತೆ ಹೋದಮೇಲೆ ಮಾವ ಹಾಗೆ ನಕ್ಕದ್ದನ್ನು ಪುಟ್ಟಿ ಹೆಚ್ಚು ಸಲ ನೋಡಿರಲಿಲ್ಲ.

ಕೋಣೆಯಲ್ಲಿ ಎರಡು ಯಂತ್ರಗಳು ಧೂಳು ಹೊದ್ದು ಅಕ್ಕಪಕ್ಕ ನಿಂತಿದ್ದವು. ಎದುರಿನ ಗೋಡೆಯಲ್ಲಿ ಒಂದೊಂದಕ್ಕೂ ಒಂದೊಂದು ಚೌಕಾಕಾರದ ಕಿಂಡಿ. ಸುಟ್ಟ ಎಣ್ಣೆಯ ವಾಸನೆ ಇನ್ನೂ ಗೋಡೆ ಬಿಟ್ಟಿರಲಿಲ್ಲ.

"ಒಂದು ರೀಲು ಇಪ್ಪತ್ತು ನಿಮಿಷ" ಎಂದಳು ಪುಟ್ಟಿ. "ಈ ಮೆಷಿನ್ನಲ್ಲಿ ಮುಗಿಯೋ ಹೊತ್ತಿಗೆ ಆ ಮೆಷಿನ್ನಲ್ಲಿ ಮುಂದಿನದು ಶುರು ಮಾಡ್ಬೇಕು. ಉಳಿದ ಹೊತ್ತೆಲ್ಲಾ ಒಂದೇ ಕಿಂಡೀಲಿ ಬೆಳಕು. ಎರಡರಲ್ಲೂ ಬೆಳಕು ಇದೆ ಅಂದ್ರೆ ರೀಲು ಬದಲಾಯಿಸ್ತಾ ಇದಾರೆ ಅಂತ. ಬದಲಾಯಿಸೋಕೆ ಮನುಷ್ಯ ಇಲ್ಲೇ, ಮೆಷಿನ್ ಮುಂದೆ ನಿಂತಿರಬೇಕು."

ಮಾವ ಕಿಂಡಿಯ ಅಂಚು ಹಿಡಿದುಕೊಂಡರು.

"ಸದ್ದಾದಾಗ ಆಪರೇಟರ್ ಇಲ್ಲಿದ್ರು. ಮೆಟ್ಟಿಲ ಮೇಲೆ ಇರಲಿಲ್ಲ. ಅವರನ್ನ ಅಲ್ಲಿ ನೋಡಿದೆ ಅಂತ ಗೇಟ್‌ನವನು ಹೇಳಿದ್ದು ತಪ್ಪು."

ಮಾವ "ಸದ್ಯ" ಎಂದರು. ಮತ್ತೆ, "ಸದ್ಯ ಕಣೇ ಪುಟ್ಟಿ." ಅವರ ಕಣ್ಣು ತುಂಬಿತ್ತು. ತಪ್ಪು ಮನುಷ್ಯನನ್ನು ಒಳಗೆ ಹಾಕಿದೆನೆಂದು ತಿಳಿದ ಅಧಿಕಾರಿಯ ಬಾಯಲ್ಲಿ ಆ ಮಾತು ಯಾಕೆ ಬಂತೆಂದು ಪುಟ್ಟಿ ಆಗ ಯೋಚಿಸಲಿಲ್ಲ. ವಯಸ್ಸಾದವರ ಪಶ್ಚಾತ್ತಾಪ ಹೀಗೂ ಇರಬಹುದು ಅಂದುಕೊಂಡಳು.

"ಇವತ್ತೇ ಹೋಗೋಣ" ಎಂದರು ಮಾವ. "ಇದನ್ನ ನಾನೇ ಅವನ ಕೈಗೆ ಕೊಡಬೇಕು."

*

ಆಪರೇಟರಿನ ಅಂಗಡಿ ಎರಡು ಬೀದಿ ಆಚೆ. ಹೊಲಿಗೆ ಯಂತ್ರ ರಿಪೇರಿ. ಮುಂದೆ ಅಂಗಡಿ, ಹಿಂದೆ ಮನೆ. ಬಿಚ್ಚಿಟ್ಟ ಚಕ್ರ, ಬಾಬಿನ್ನು, ಬೆಲ್ಟುಗಳ ನಡುವೆ ಎಪ್ಪತ್ತನಾಲ್ಕರ ಮುದುಕರೊಬ್ಬರು ಕಣ್ಣಿಗೆ ಪುಟ್ಟ ಮಸೂರ ಸಿಕ್ಕಿಸಿಕೊಂಡು ಸೂಜಿ ಕೂರಿಸುತ್ತಿದ್ದರು.

ಮೊದಲು ನೋಡಿದ್ದು ಅವರ ತಂಗಿ. ಅಣ್ಣ ಜೈಲಿನಿಂದ ಬರುವವರೆಗೆ ಈ ಅಂಗಡಿಯನ್ನು ನಡೆಸಿದವಳು ಅವಳೇ. ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯೂನಿಫಾರ್ಮ್ ಇಲ್ಲದೆ ಈ ಬಾಗಿಲಿಗೆ ಬಂದದ್ದು ಇದೇ ಮೊದಲು" ಎಂದಳು.

"ಅಣ್ಣನ್ನ ನೋಡಬೇಕಿತ್ತಮ್ಮ."

"ನೋಡಿ. ಅಲ್ಲೇ ಇದಾನೆ. ಎಲ್ಲೂ ಓಡಿಹೋಗಿಲ್ಲ."

ಆಪರೇಟರ್ ಎದ್ದು ನಿಂತು ಎರಡು ಸ್ಟೂಲಿನ ಮೇಲಿದ್ದ ಸಾಮಾನು ತೆಗೆದರು. ಮುಖದಲ್ಲಿ ಕೋಪವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಮಾವ ಕೂರಲಿಲ್ಲ. ಫೋಟೋವನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ಇದು ನಿಮಗೆ" ಎಂದರು. ಅಂದು ಠಾಣೆಯಲ್ಲಿ ಏಕವಚನದಲ್ಲೇ ಮಾತಾಡಿಸಿದ್ದವರು. ಆ 'ನಿಮಗೆ' ಅಲ್ಲಿದ್ದ ಮೂವರಿಗೂ ಕೇಳಿಸಿತು.

ಆಪರೇಟರ್ ಫೋಟೋವನ್ನು ಬೆಳಕಿಗೆ ಹಿಡಿದರು. ಮಸೂರ ಕಣ್ಣಿಗೆ ಒತ್ತಿ, ಮೂಲೆಯಿಂದ ಮೂಲೆಗೆ ನಿಧಾನವಾಗಿ ಸರಿಯುತ್ತಾ ಹೋದರು. ಮುಖ ಸಡಿಲವಾಯಿತು.

"ಹೋ, ನಮ್ಮ ಹಾಲು. ಈ ಎಡಗಡೆ ಫ್ಯಾನು ನೋಡಮ್ಮ, ಕಟಕಟ ಅಂತಿತ್ತು, ಅದರ ಕೆಳಗೆ ಯಾರೂ ಕೂರ್ತಿರಲಿಲ್ಲ. ಈ ತೂಗುದೀಪ ಹಬ್ಬಕ್ಕೆ ಅಂತ ಹೊಸದಾಗಿ ಹಾಕಿಸಿದ್ದು. ಮೂರನೇ ಸಾಲಲ್ಲಿ ಇರೋ ಈ ಹೆಂಗಸು ಪ್ರತಿ ವಾರ ಒಬ್ಬಳೇ ಬರೋಳು. ಅಳೋ ಸೀನ್‌ನಲ್ಲಿ ನಗೋಳು. ನಂಗೆ ಮೇಲಿಂದ ಎಲ್ಲಾ ಕಾಣೋದು. ಜನ ಪರದೆ ನೋಡೋರು, ನಾನು ಜನಾನ ನೋಡ್ತಿದ್ದೆ." ಅವರ ಬೆರಳು ಬಾಲ್ಕನಿ ದಾಟಿ ಮೇಲೇರಿತು. ಅಲ್ಲಿ ನಿಂತಿತು.

"ಎರಡು ಕಿಂಡೀಲೂ ಬೆಳಕಿದೆ."

"ಹೌದು" ಎಂದಳು ಪುಟ್ಟಿ. ಅವಳ ಸ್ವರದಲ್ಲಿ ಉತ್ಸಾಹ ತಡೆಯಲಾಗುತ್ತಿರಲಿಲ್ಲ. "ಹಿಂದಿನವರು ತಲೆ ತಿರುಗಿಸಿದ್ದು ನೋಡಿ. ಸದ್ದಾದ ಗಳಿಗೆ ಇದು. ನೀವು ರೀಲು ಬದಲಾಯಿಸ್ತಿದ್ರಿ. ನೀವು ಮೆಟ್ಟಿಲ ಮೇಲೆ ಇರೋಕೆ ಸಾಧ್ಯಾನೇ ಇಲ್ಲ. ಕೇಸು ಮತ್ತೆ ತೆರೆಸೋಕೆ ಇದು ಸಾಕು."

ತಂಗಿ ಗೋಡೆಗೆ ಒರಗಿದಳು. ಸೆರಗು ಬಾಯಿಗೆ ಹೋಯಿತು.

ಆಪರೇಟರ್ ಮಸೂರ ತೆಗೆದು ಮೇಜಿನ ಮೇಲಿಟ್ಟರು.

"ಇದು ನನ್ನ ಕೈ ಅಲ್ಲಮ್ಮ."

"ಅಂದ್ರೆ?"

"ಬಾ, ಇಲ್ಲಿ ನೋಡು." ಅವರು ಎರಡು ಅಂಗೈಗಳನ್ನು ಎದುರು ಹಿಡಿದರು, ಒಂದು ತೆರೆದದ್ದು, ಒಂದು ಮುಚ್ಚಿದ್ದು. "ರೀಲು ಮುಗಿಯೋಕೆ ಮುಂಚೆ ಪರದೆಯ ಮೇಲ್ಗಡೆ ಮೂಲೇಲಿ ಒಂದು ಸಣ್ಣ ಚುಕ್ಕೆ ಬರುತ್ತೆ. ಆಗ ಎರಡನೇ ಮೆಷಿನ್ ಓಡಿಸ್ಬೇಕು. ಆಮೇಲೆ ಇನ್ನೊಂದು ಚುಕ್ಕೆ. ಆಗ ಈ ಕಿಂಡಿ ಮುಚ್ಚಿ ಆ ಕಿಂಡಿ ತೆರೀಬೇಕು." ಕೈಗಳು ಒಂದೇ ಸಲ ಅದಲುಬದಲಾದವು, ಯಾವಾಗ ಆಯಿತೆಂದೇ ಪುಟ್ಟಿಗೆ ಕಾಣಲಿಲ್ಲ. "ಹೀಗೆ. ಹತ್ತೊಂಬತ್ತು ವರ್ಷ, ದಿನಕ್ಕೆ ನಾಲ್ಕು ಆಟ. ನನ್ನ ಕೈ ಆಗಿದ್ರೆ ಸಾವಿರ ಫೋಟೋ ತೆಗೆದ್ರೂ ಎರಡು ಬೆಳಕು ಒಟ್ಟಿಗೆ ಸಿಗೋಲ್ಲ. ಇಲ್ಲಿ ಯಾರೋ ಅದನ್ನ ತೆರೆದು, ಇದನ್ನ ಮುಚ್ಚೋಕೆ ಮರೆತು ನಿಂತಿದಾರೆ. ಪರದೆ ಮೇಲೆ ಒಂದು ಚಿತ್ರದ ಮೇಲೆ ಇನ್ನೊಂದು ಚಿತ್ರ ಬಿದ್ದಿರುತ್ತೆ. ಕಲಿಯೋರು ಮಾಡೋ ತಪ್ಪು."

"ಅಣ್ಣಾ, ಸುಮ್ನಿರು" ಎಂದಳು ತಂಗಿ. ಸ್ವರ ಒಡೆದಿತ್ತು. "ಮೂವತ್ತೆರಡು ವರ್ಷಕ್ಕೆ ಒಂದು ಸಾಕ್ಷಿ ಮನೆ ಬಾಗಿಲಿಗೆ ಬಂದಿದೆ. ನಿನ್ನ ಕೈ ಅಂತಾನೇ ಇರಲಿ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲೇ." ಆಪರೇಟರ್ ಮೆಲ್ಲಗೆ ಹೇಳಿದರು. "ಮಾಡದ ಕೊಲೇನ ಅವರು ನನ್ನ ತಲೆಗೆ ಕಟ್ಟಿದ್ರು. ಮಾಡದ ಕೆಲಸಾನ ಈಗ ನಾನೇ ತಲೆಗೆ ಕಟ್ಟಿಕೊಳ್ಳಲಾ? ಅದೂ ಇಂಥಾ ಕೆಟ್ಟ ಕೆಲಸಾನ?"

ಯಾರೂ ನಗಲಿಲ್ಲ. ಮಾವ ಈಗ ಸ್ಟೂಲಿನ ಮೇಲೆ ಕೂತಿದ್ದರು, ಯಾವಾಗ ಕೂತರೋ.

"ಹಾಗಾದ್ರೆ ಮೆಷಿನ್ ಮುಂದೆ ಇದ್ದೋರು ಯಾರು?" ಎಂದಳು ಪುಟ್ಟಿ.

"ಯಜಮಾನ್ರು."

ಬೀದಿಯಲ್ಲಿ ಒಂದು ಸೈಕಲ್ ಗಂಟೆ ಬಾರಿಸುತ್ತ ಹೋಯಿತು.

"ಭಾನುವಾರ ಭಾನುವಾರ ಬರೋರು" ಎಂದರು ಆಪರೇಟರ್. "ಸೂಟು ಬಿಚ್ಚಿ ಮೊಳೆಗೆ ನೇತುಹಾಕಿ, ಶರ್ಟ್ ತೋಳು ಮಡಚಿ, 'ಒಂದು ರೀಲು ನಾನು ಬಿಡ್ತೀನಿ ಕಣಯ್ಯಾ' ಅನ್ನೋರು. ಟಾಕೀಸು ಕಟ್ಟಿಸಿದ ಮನುಷ್ಯ. ಕೆಳಗೆ ಎಲ್ಲಾರೂ ಅವರಿಗೆ ಕೈ ಮುಗಿಯೋರು, ಮೇಲೆ ಅವರು ನನ್ನ ಹತ್ರ ಬೈಸಿಕೊಳ್ಳೋರು. ಒಂದು ದಿನಾನೂ ಸರಿಯಾಗಿ ಬದಲಾಯಿಸಲಿಲ್ಲ. ಜನ ಕೂಗಾಡಿದ್ರೆ ಮಗು ಥರ ನಗೋರು. ಅವತ್ತೂ ಬಂದ್ರು. 'ಹಬ್ಬದ ದಿನ, ಎಲ್ಲಾ ಅತಿಥಿಗಳೂ ಕೆಳಗಿದಾರೆ, ನಂಗೆ ಇಲ್ಲೇ ಚೆನ್ನಾಗಿದೆ' ಅಂದ್ರು. ಮುಗಿದ ರೀಲುಗಳನ್ನ ಇನ್ನೊಂದು ಟಾಕೀಸಿಗೆ ಒಯ್ಯೋ ಸೈಕಲ್ಲಿನವನು ಹಿಂದಿನ ಗೇಟಲ್ಲಿ ಕಾಯ್ತಿದ್ದ. ನೀನು ಕೊಟ್ಟು ಬಾ, ಇದನ್ನ ನಾನು ನೋಡ್ಕೋತೀನಿ ಅಂದ್ರು. ಐದು ಡಬ್ಬ ಎತ್ಕೊಂಡು ಕಬ್ಬಿಣದ ಮೆಟ್ಟಿಲು ಇಳೀತಿದ್ದೆ. ಮೇಲಿನ ತಿರುವಲ್ಲಿ ಕಾಲು ಜಾರ್ತು. ಡಬ್ಬ ಎಲ್ಲಾ ಕೆಳಗೆ."

ಪುಟ್ಟಿಯ ಕಣ್ಣು ಫೋಟೋದ ಹಿಂದಿನ ಸಾಲಿಗೆ ಹೋಯಿತು.

"ಆ ಸದ್ದು..."

"ನನ್ನ ಡಬ್ಬದ ಸದ್ದು. ಗೇಟ್‌ನವನು ಸುಳ್ಳು ಹೇಳಲಿಲ್ಲಮ್ಮ. ನನ್ನನ್ನ ಮೆಟ್ಟಿಲ ಮೇಲೆ ನೋಡಿದ್ದು ನಿಜ. ಮುಂದಿನ ಗೇಟಿಂದ, ಕಾಂಪೌಂಡ್ ಗೋಡೆ ಆಚೆ, ಅವನಿಗೆ ಮೇಲಿನ ಮೆಟ್ಟಿಲು ಮಾತ್ರ ಕಾಣೋದು, ಕೆಳಗೆ ಬಿದ್ದದ್ದು ಏನು ಅಂತ ಕಾಣೋಲ್ಲ. ನಾನು ಡಬ್ಬ ಆರಿಸಿ ಕೊಟ್ಟು, ಮುಂಬಾಗಿಲಿಂದ ಒಳಗಿನ ಮೆಟ್ಟಿಲು ಹತ್ತಿ ಬಂದೆ. ಮೆಷಿನ್ ಓಡ್ತಿತ್ತು, ಯಜಮಾನ್ರು ಇರಲಿಲ್ಲ. ಅತಿಥಿಗಳ ಹತ್ರ ಹೋಗಿರ್ತಾರೆ ಅಂದುಕೊಂಡೆ. ಸೂಟು ಮೊಳೆಯಲ್ಲೇ ಇತ್ತು. ಅದನ್ನ ನೋಡಿಯಾದ್ರೂ ನಾನು ಹುಡುಕಬೇಕಿತ್ತು." ಅವರು ಒಂದು ಬಾಬಿನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದರು. "ಜೈಲಲ್ಲಿ ದಿನಾ ಯೋಚಿಸ್ತಿದ್ದದ್ದು ಅದೊಂದನ್ನೇ. ನಾನು ಕಡೇ ರೀಲು ಬಿಡ್ತಾ ಇದ್ದಾಗ ಅವರು ಹಿಂದೆ ಒಬ್ಬರೇ ಬಿದ್ದಿದ್ರು."

ಪುಟ್ಟಿ ಫೋಟೋವನ್ನು ಮತ್ತೆ ನೋಡಿದಳು. ನಾಲ್ಕೂ ನಲವತ್ತಕ್ಕೆ ಯಜಮಾನರು ಬದುಕಿದ್ದರು. ಆ ಬಿಳೀ ಚುಕ್ಕೆಗಳ ಹಿಂದೆ, ತೋಳು ಮಡಚಿ, ಯಾವ ಕಿಂಡಿ ಮುಚ್ಚಬೇಕೆಂದು ತಿಳಿಯದೆ ನಿಂತಿದ್ದರು. ಅವರ ಕೊನೆಯ ಚಿತ್ರ ಇದು, ಮುಖವೇ ಇಲ್ಲದ ಚಿತ್ರ. ಹಾಗಾದರೆ ಅವರು ಬಿದ್ದದ್ದು ಆಮೇಲೆ. ಆ ಹೊತ್ತಿಗೆ ಎಲ್ಲಿದ್ದೆವೆಂದು ಹೇಳಿ ಪಾರಾದವರೆಲ್ಲರ ಮಾತೂ ಈಗ ಬಿದ್ದುಹೋಯಿತು. ಕೌಂಟರಿನಲ್ಲಿ ಇದ್ದೆನೆಂದ ಮ್ಯಾನೇಜರ್. ಬಾಲ್ಕನಿಯ ಮೊದಲ ಸಾಲಿನಲ್ಲಿ, ಮುನ್ನೂರು ಜನರ ಮುಂದೆ, ಹೆಂಡತಿಯ ಪಕ್ಕ ಕೂತಿದ್ದ ತಮ್ಮ.

"ಡಬ್ಬ ಒಯ್ದ ಸೈಕಲ್ಲಿನವನು ಸಾಕ್ಷಿ ಹೇಳಬಹುದಿತ್ತಲ್ಲ" ಎಂದಳು.

"ಅವನನ್ನ ಯಾರೂ ಕರೀಲೇ ಇಲ್ಲ. ನಾನು ಹೊರಗೆ ಬರೋ ಹೊತ್ತಿಗೆ ಅವನು ತೀರಿಕೊಂಡಿದ್ದ."

"ನೀವಾದ್ರೂ ಕೋರ್ಟಲ್ಲಿ ಹೇಳಲಿಲ್ವಾ?"

"ಹೇಳಿದೆ. ಮೊದಲನೇ ಹೇಳಿಕೇಲಿ ಈ ಮಾತೇ ಇಲ್ಲ, ಈಗ ಕತೆ ಕಟ್ಟಿ ಹೇಳ್ತಿದ್ದೀಯ ಅಂದ್ರು." ಆಪರೇಟರ್ ಬಾಬಿನ್ನು ಕೆಳಗಿಟ್ಟರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮಾವನ ಮುಖವನ್ನು ನೇರವಾಗಿ ನೋಡಿದರು. ನೋಟದಲ್ಲಿ ದೂರು ಇರಲಿಲ್ಲ. ಅದಕ್ಕಿಂತ ಭಾರವಾದ ಏನೋ ಇತ್ತು. "ಮೊದಲನೇ ದಿನವೇ ಹೇಳಿದ್ದೆ. ಒಂದಕ್ಷರ ಬಿಡದೆ. ಸಾಹೇಬರೇ ಬರೆದುಕೊಂಡ್ರು. ಓದಿ ಹೇಳಿದ್ರು. ನಾನು ರುಜು ಹಾಕಿದೆ. ಆಮೇಲೆ ಕೋರ್ಟಿಗೆ ಬಂದ ಹಾಳೇಲಿ ಆ ಮಾತು ಇರಲಿಲ್ಲ, ಆ ರುಜುವೂ ನಂದಲ್ಲ."

ಪುಟ್ಟಿ ಮಾವನ ಕಡೆ ತಿರುಗಿದಳು. ಇಲ್ಲ ಎನ್ನುತ್ತಾರೆ, ಎದ್ದು ನಿಲ್ಲುತ್ತಾರೆ, ಸಿಟ್ಟಾಗುತ್ತಾರೆ ಎಂದು ಕಾದಳು. ಅವಳಿಗೆ ಸೈಕಲ್ ಕಲಿಸಿದ ಮನುಷ್ಯ. ಅಪ್ಪ ತೀರಿಹೋದ ವರ್ಷ ಅವಳ ಕೈಗೆ ಮೊದಲ ಕ್ಯಾಮೆರಾ ಇಟ್ಟ ಮನುಷ್ಯ.

ಮಾವ ಕನ್ನಡಕ ತೆಗೆದರು. ಒರೆಸಲಿಲ್ಲ. ಸುಮ್ಮನೆ ಮಡಿಲಲ್ಲಿಟ್ಟುಕೊಂಡರು.

"ಮಾವ?"

"ಹೌದು" ಎಂದರು. "ಇವರು ಹೇಳಿದ್ರು. ನಾನೇ ಬರೆದುಕೊಂಡಿದ್ದೆ. ಫೈಲಿಂದ ತೆಗೆದದ್ದೂ ನಾನೇ." ಆಪರೇಟರ್ ಕಡೆಗೆ ತಿರುಗಿದರು. "ಹರಿದು ಹಾಕು ಅಂದಿದ್ರು. ಹರಿಯೋಕೆ ಕೈ ಬರಲಿಲ್ಲ. ಆ ಹಾಳೆ ಈಗಲೂ ನನ್ನ ಹತ್ರ ಇದೆ."

ತಂಗಿ ಗೋಡೆ ಬಿಟ್ಟು ಸರಿದಳು. ಅಂಗಡಿಯ ಬಾಗಿಲಿಗೆ ಹೋಗಿ, ಎರಡೂ ರೆಕ್ಕೆಗಳನ್ನು ಎಳೆದು, ಚಿಲಕ ಹಾಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಯಾರು ಅಂದಿದ್ದು, ಸಾರ್?" ಎಂದಳು. "ಹೆಸರು ಹೇಳಿ ಹೋಗಿ."